ಬ್ಯಾಂಕಿನ ಬಾಗಿಲಿಗೆ ಯಕ್ಷರ ಕಾವಲು

ಹೊಸದಿಲ್ಲಿಯ ಸಂಸದ್ ಮಾರ್ಗದಲ್ಲಿರುವ ರಿಸರ್ವ್ ಬ್ಯಾಂಕ್ ಕಚೇರಿಗೆ ಎರಡು ಕಾವಲು. ಒಂದು ಬಂದೂಕು ಹಿಡಿದವರದು. ಇನ್ನೊಂದು ಕಲ್ಲಿನದು. ಮುಖ್ಯ ಬಾಗಿಲಿನ ಒಂದು ಬದಿಗೆ ಯಕ್ಷ, ಇನ್ನೊಂದು ಬದಿಗೆ ಯಕ್ಷಿ. ಇಪ್ಪತ್ತು ಅಡಿಗೂ ಮಿಕ್ಕಿದ ಎತ್ತರ, ಮರಳುಗಲ್ಲಿನ ಮೈ, ನೇರ ಎದುರಿಗೆ ನೋಟ. ಹಳೆಯ ಸಂಸತ್ ಭವನಕ್ಕೂ ಜಂತರ್ ಮಂತರ್‌ಗೂ ನಡುವಿನ ಈ ರಸ್ತೆಯಲ್ಲಿ ದಿನವೂ ಸಾವಿರಾರು ಜನ ಓಡಾಡುತ್ತಾರೆ. ಅವರಲ್ಲಿ ಎಷ್ಟು ಮಂದಿ ತಲೆ ಎತ್ತಿ ನೋಡಿರುತ್ತಾರೋ ಗೊತ್ತಿಲ್ಲ. ಸ್ವತಂತ್ರ ಭಾರತದಲ್ಲಿ ಸರ್ಕಾರದ ಸಂಸ್ಥೆಯೊಂದು ಮಾಡಿಸಿದ ಶಿಲ್ಪಗಳಲ್ಲಿ ಇವಕ್ಕೆ ಸಾಟಿಯಾದವು ತೀರಾ ಕಡಿಮೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕಟ್ಟಡ ಅದರ ಕಾಲಕ್ಕೆ ತಕ್ಕದ್ದು. ನೇರ ಗೆರೆ, ಸಾಲು ಕಿಟಕಿ, ಗಂಭೀರವಾದ ಮುಖ. ಸ್ವಾತಂತ್ರ್ಯ ಬಂದ ಮೇಲೆ ಎದ್ದ ಸರ್ಕಾರಿ ಕಟ್ಟಡಗಳಿಗೆಲ್ಲ ಇದ್ದ ಮಿತವ್ಯಯದ ಶಿಸ್ತು ಇಲ್ಲಿಯೂ ಇದೆ. ಬಾಗಿಲ ಬಳಿಯ ಈ ಇಬ್ಬರನ್ನು ತೆಗೆದುಬಿಟ್ಟರೆ ಅದು ಯಾವ ಇಲಾಖೆಯ ಕಚೇರಿಯೂ ಆಗಬಹುದು. ಇವರಿರುವುದರಿಂದಲೇ ಅದು ಹಣದ ಮನೆ.

ಬ್ಯಾಂಕಿನ ಕಟ್ಟಡ ಹೇಗಿರಬೇಕು ಎಂಬುದಕ್ಕೆ ಯುರೋಪು, ಅಮೆರಿಕಗಳಲ್ಲಿ ಬಹುಕಾಲ ಒಂದೇ ಉತ್ತರವಿತ್ತು: ಗ್ರೀಕ್ ದೇವಾಲಯದಂತೆ. ದಪ್ಪ ಕಂಬಗಳ ಸಾಲು, ಮೇಲೆ ತ್ರಿಕೋನದ ಮುಡಿ, ಒಳಗೆ ಎತ್ತರದ ಹಜಾರ. ಠೇವಣಿ ಇಡಲು ಬಂದವನಿಗೆ ‘ಇದು ಅಲುಗಾಡುವ ಸಂಸ್ಥೆಯಲ್ಲ’ ಎಂಬ ಧೈರ್ಯವನ್ನು ಕಲ್ಲೇ ಹೇಳಬೇಕಿತ್ತು. ಲಂಡನ್ನಿನ ಬ್ಯಾಂಕ್ ಆಫ್ ಇಂಗ್ಲೆಂಡ್ ಇದರ ದೊಡ್ಡ ಉದಾಹರಣೆ. ಸರ್ ಜಾನ್ ಸೋನ್ ಕಟ್ಟಿದ್ದ ಅದರ ಒಳಭಾಗವನ್ನು ಬಹುಪಾಲು ಕೆಡವಿ, ಎರಡು ಮಹಾಯುದ್ಧಗಳ ನಡುವಿನ ವರ್ಷಗಳಲ್ಲಿ ಮತ್ತೆ ಕಟ್ಟಿದವರು ಹರ್ಬರ್ಟ್ ಬೇಕರ್. ಕಲಾ ಇತಿಹಾಸಕಾರ ನಿಕೋಲಸ್ ಪೆವ್ಸ್ನರ್ ಆ ಕೆಡವುವಿಕೆಯನ್ನು ಲಂಡನ್ ಸಿಟಿಯಲ್ಲಿ ಇಪ್ಪತ್ತನೆಯ ಶತಮಾನದಲ್ಲಿ ನಡೆದ ಅತಿ ದೊಡ್ಡ ವಾಸ್ತು ಅಪರಾಧವೆಂದು ಕರೆದರು. ಆದರೆ ಹೊಸ ಕಟ್ಟಡದ ಮುಖಕ್ಕೆ ಶಿಲ್ಪಿ ಚಾರ್ಲ್ಸ್ ವೀಲರ್ ಕೆತ್ತಿದ ಆಳೆತ್ತರ ಮೀರಿದ ಗಂಡು ಹೆಣ್ಣು ಆಕೃತಿಗಳು ಇಂದಿಗೂ ದಾರಿಹೋಕರ ಕಣ್ಣು ಹಿಡಿಯುತ್ತವೆ. ಸಂಪತ್ತನ್ನು ಹೊರುವವರು, ಕಾಯುವವರು ಎಂಬ ಕಲ್ಪನೆ ಅವುಗಳ ಹಿಂದಿದೆ. ಇದೇ ಬೇಕರ್ ದಿಲ್ಲಿಯ ವೃತ್ತಾಕಾರದ ಸಂಸತ್ ಭವನವನ್ನೂ ರೂಪಿಸಿದವರು. 1927ರಲ್ಲಿ ಉದ್ಘಾಟನೆಯಾದ, 144 ಕಂಬಗಳ ಆ ಕಟ್ಟಡದಿಂದ ಕೂಗಳತೆ ದೂರದಲ್ಲಿ ನಮ್ಮ ಯಕ್ಷ ಯಕ್ಷಿ ನಿಂತಿದ್ದಾರೆ. ಬಾಗಿಲಲ್ಲಿ ಕಾಯುವವರನ್ನು ನಿಲ್ಲಿಸಬೇಕೆಂಬ ಆಸೆ ಎರಡೂ ದೇಶಗಳಿಗೆ ಸಮಾನ. ಯಾರನ್ನು ನಿಲ್ಲಿಸಬೇಕು ಎಂಬಲ್ಲಿ ಮಾತ್ರ ದಿಲ್ಲಿಯವರು ತಮ್ಮದೇ ದಾರಿ ಹಿಡಿದರು.

ನಮ್ಮಲ್ಲಿ ಹಣದ ವ್ಯವಹಾರಕ್ಕೆ ಮೊದಲಿನಿಂದಲೂ ಇಷ್ಟು ಅಬ್ಬರದ ಕಟ್ಟಡ ಬೇಕಿರಲಿಲ್ಲ. ಸಾಹುಕಾರನಿಗೆ ಒಂದು ಗಾದಿ, ಒಂದು ಗಲ್ಲಾಪೆಟ್ಟಿಗೆ, ಕೆಂಪು ರಟ್ಟಿನ ಲೆಕ್ಕದ ಪುಸ್ತಕ ಇದ್ದರೆ ಸಾಕಿತ್ತು. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಾರ್ಪೊರೇಷನ್ ಬ್ಯಾಂಕನ್ನೂ, ಅದೇ ವರ್ಷ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕನ್ನೂ ಶುರುಮಾಡಿದಾಗ ಜನರ ನಂಬಿಕೆ ಇದ್ದದ್ದು ಕಂಬಗಳ ಮೇಲಲ್ಲ, ಆ ವ್ಯಕ್ತಿಗಳ ಮೇಲೆ. ರಿಸರ್ವ್ ಬ್ಯಾಂಕಿನ ಮಾತು ಬೇರೆ. 1935ರ ಏಪ್ರಿಲ್ 1ರಂದು ಕೆಲಸ ಆರಂಭಿಸಿ 1949ರ ಜನವರಿ 1ರಂದು ರಾಷ್ಟ್ರೀಕರಣಗೊಂಡ ಅದು ಬ್ಯಾಂಕುಗಳ ಬ್ಯಾಂಕು. ಅದರ ಮುಂದೆ ಸರತಿ ನಿಲ್ಲುವ ಗ್ರಾಹಕರು ಕಡಿಮೆ. ಅದರ ಕಟ್ಟಡ ಮಾತಾಡಬೇಕಿದ್ದದ್ದು ದೇಶದೊಂದಿಗೆ.

ಏನು ಮಾತಾಡಬೇಕು ಎಂಬ ಪ್ರಶ್ನೆ 1950ರ ದಶಕದಲ್ಲಿ ಬಂತು. ದಿಲ್ಲಿ, ಮದ್ರಾಸ್, ನಾಗಪುರಗಳಲ್ಲಿ ಬ್ಯಾಂಕು ಆಗ ಹೊಸ ಕಟ್ಟಡಗಳನ್ನು ಕಟ್ಟಿಸುತ್ತಿತ್ತು. ಪ್ರಧಾನಿ ನೆಹರೂ ಒಂದು ಸಲಹೆ ಕೊಟ್ಟರು. ದೊಡ್ಡ ದೊಡ್ಡ ಸಾರ್ವಜನಿಕ ಕಟ್ಟಡಗಳು ಏಳುತ್ತಿವೆ, ಅವುಗಳಲ್ಲಿ ಶಿಲ್ಪಿಗಳಿಗೂ ಚಿತ್ರಕಾರರಿಗೂ ಕೆಲಸ ಕೊಡಬಾರದೇಕೆ? ಕಟ್ಟಡದ ಒಟ್ಟು ಖರ್ಚಿನ ಮುಂದೆ ಇದು ಏನೇನೂ ಅಲ್ಲ, ಜನರೂ ಮೆಚ್ಚುತ್ತಾರೆ ಎಂಬುದು ಅವರ ವಾದ. ಹಾಳುಬಿದ್ದ ಖಜಾನೆ, ನಿರಾಶ್ರಿತರ ಸಮಸ್ಯೆ, ಆಹಾರದ ಅಭಾವ ಎಲ್ಲವೂ ಇದ್ದ ಕಾಲದಲ್ಲಿ ಒಬ್ಬ ಪ್ರಧಾನಿಗೆ ಇದು ಹೊಳೆಯಿತು, ಒಂದು ಕೇಂದ್ರ ಬ್ಯಾಂಕು ಅದನ್ನು ಗಂಭೀರವಾಗಿ ತೆಗೆದುಕೊಂಡಿತು ಎಂಬುದೇ ನನಗೆ ದೊಡ್ಡದಾಗಿ ಕಾಣುತ್ತದೆ. ಆ ದಶಕದ ನಡುಭಾಗದಲ್ಲಿ ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದವರು ಮಂಗಳೂರು ಮೂಲದ ಬೆನಗಲ್ ರಾಮರಾವ್.

ಬ್ಯಾಂಕಿನ ಕೇಂದ್ರ ಮಂಡಳಿಯಲ್ಲಿದ್ದ ಜೆ.ಆರ್.ಡಿ. ಟಾಟಾ, ಇಂಥ ವಿಷಯಕ್ಕೆ ಕಾರ್ಲ್ ಖಂಡಾಲಾವಾಲಾ ಅವರನ್ನು ಕೇಳಿ ಎಂದರು. ಖಂಡಾಲಾವಾಲಾ ವೃತ್ತಿಯಲ್ಲಿ ವಕೀಲರು. ಮುಂದೆ ದೇಶವನ್ನೇ ತಲ್ಲಣಗೊಳಿಸಿದ ನಾನಾವತಿ ಕೊಲೆ ಮೊಕದ್ದಮೆಯಲ್ಲಿ ಆರೋಪಿಯ ಪರ ವಾದಿಸಿದವರು ಇವರೇ. ಆದರೆ ಕಲಾಲೋಕ ಅವರನ್ನು ನೆನೆಯುವುದು ಭಾರತೀಯ ಶಿಲ್ಪ ಮತ್ತು ಕಿರುಚಿತ್ರಗಳ ವಿದ್ವಾಂಸರೆಂದು. ಬಾಗಿಲಿನ ಎರಡೂ ಬದಿಗೆ ಎರಡು ಆಕೃತಿಗಳಿರಲಿ, ಒಂದು ಕೈಗಾರಿಕೆಯಿಂದ ಬರುವ ಸಮೃದ್ಧಿಯನ್ನೂ ಇನ್ನೊಂದು ಬೇಸಾಯದಿಂದ ಬರುವ ಸಮೃದ್ಧಿಯನ್ನೂ ಸೂಚಿಸಲಿ ಎಂಬ ವಿಚಾರ ಅಲ್ಲಿಂದ ಬೆಳೆಯಿತು. ಒಂಬತ್ತು ಕಲಾವಿದರಿಗೆ ಕರೆ ಹೋಯಿತು. ಐವರು ಉತ್ತರ ಕೊಟ್ಟರು. ಕಡೆಗೆ ಒಪ್ಪಿಗೆಯಾದದ್ದು ಶಾಂತಿನಿಕೇತನದ ರಾಮಕಿಂಕರ್ ಬೈಜ್ ಅವರ ಕಲ್ಪನೆ. ಕೈಗಾರಿಕೆಗೆ ಯಕ್ಷ, ಬೇಸಾಯಕ್ಕೆ ಯಕ್ಷಿ. ಯಕ್ಷನಿಗೆ ಆಧಾರ ಮಥುರಾ ಮ್ಯೂಸಿಯಂನಲ್ಲಿರುವ ಪರಖಂ ಯಕ್ಷ. ಯಕ್ಷಿಗೆ ಕೋಲ್ಕತ್ತದ ಇಂಡಿಯನ್ ಮ್ಯೂಸಿಯಂನಲ್ಲಿರುವ ಬೇಸನಗರದ ಯಕ್ಷಿ.

ಈ ಆಯ್ಕೆ ಎಷ್ಟು ಸರಿಯಾದದ್ದೆಂದು ತಿಳಿಯಲು ಹಳೆಯ ಯಕ್ಷನನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮಥುರಾ ಸಮೀಪದ ಪರಖಂ ಎಂಬ ಹಳ್ಳಿಯಲ್ಲಿ ಅಲೆಕ್ಸಾಂಡರ್ ಕನ್ನಿಂಗ್‌ಹ್ಯಾಂ 1880ರ ದಶಕದಲ್ಲಿ ಕಂಡಾಗ ಆ ವಿಗ್ರಹಕ್ಕೆ ಊರವರ ಪೂಜೆ ಇನ್ನೂ ನಡೆಯುತ್ತಿತ್ತು. ‘ಜಖೈಯಾ’ ಎಂದು ಕರೆದು ಅದರ ಹೆಸರಿನಲ್ಲಿ ಜಾತ್ರೆಯನ್ನೂ ಮಾಡುತ್ತಿದ್ದರು. ಎರಡು ಸಾವಿರ ವರ್ಷಕ್ಕೂ ಹಿಂದಿನ ಕೆತ್ತನೆ. ಸುಮಾರು ಎಂಟೂವರೆ ಅಡಿ ಎತ್ತರ. ಮುಖ ಸವೆದುಹೋಗಿದೆ, ಕೈಗಳು ಮುರಿದಿವೆ. ಆದರೂ ಹಬ್ಬದ ಊಟ ಮುಗಿಸಿ ಜಗಲಿಗೆ ಬಂದು ನಿಂತ ಯಜಮಾನನಂತೆ ಅವನ ನಿಲುವು. ಕೊರಳಲ್ಲಿ ದಪ್ಪ ಹಾರ, ಎದೆಗೂ ಹೊಟ್ಟೆಗೂ ಬಿಗಿದ ಪಟ್ಟಿ, ಅದರ ಕೆಳಗೆ ಮುಂದಕ್ಕೆ ಬಂದ ಡೊಳ್ಳು. ಪೀಠದ ಮೇಲೆ ಬ್ರಾಹ್ಮಿಯಲ್ಲಿ ಬರಹವಿದೆ. ಕುಣಿಕನ ಶಿಷ್ಯ ಗೋಮಿತಕ ಮಾಡಿದ ಎಂದು ಅದರಲ್ಲಿ ಶಿಲ್ಪಿಯ ಹೆಸರಿದೆ, ಮಣಿಭದ್ರನ ಹೆಸರಿದೆ.

ಈ ಮಣಿಭದ್ರ ಯಾರು? ಕುಬೇರನ ಬಳಗದ ಯಕ್ಷ. ದೂರದೂರಿಗೆ ಸರಕು ಹೇರಿಕೊಂಡು ಹೋಗುವ ವ್ಯಾಪಾರಿಗಳು, ಗಾಡಿಕಾರರು, ದಾರಿಯ ಭಯಕ್ಕೆ ಮೊರೆಹೋಗುತ್ತಿದ್ದ ದೇವರು. ಗ್ವಾಲಿಯರ್ ಹತ್ತಿರದ ಪವಾಯಾದಲ್ಲಿ ಸಿಕ್ಕ ಇನ್ನೊಂದು ಮಣಿಭದ್ರ ವಿಗ್ರಹವನ್ನು ಭಕ್ತರ ಗೋಷ್ಠಿಯೊಂದು ಒಟ್ಟಾಗಿ ಮಾಡಿಸಿತೆಂದು ಅದರ ಶಾಸನ ಹೇಳುತ್ತದೆ. ಆ ವಿಗ್ರಹದ ಕೈಯಲ್ಲಿ ಹಣದ ಚೀಲವಿದೆ. ದಿಲ್ಲಿಯ ಯಕ್ಷನ ಒಂದು ಕೈಯಲ್ಲೂ ಹಣದ ಚೀಲವೇ ಇದೆ. ಇನ್ನೊಂದು ಕೈಯಲ್ಲಿರುವ ಯಂತ್ರದ ಹಲ್ಲುಚಕ್ರ ಮಾತ್ರ ರಾಮಕಿಂಕರ್ ಸೇರಿಸಿದ್ದು. ಭಿಲಾಯಿ, ರೂರ್ಕೆಲಾಗಳಲ್ಲಿ ಉಕ್ಕಿನ ಕಾರ್ಖಾನೆಗಳು ಏಳುತ್ತಿದ್ದ ಆ ದಿನಗಳಲ್ಲಿ ಒಬ್ಬ ಪುರಾತನ ವರ್ತಕ ದೇವತೆಯ ಕೈಗೆ ಹಲ್ಲುಚಕ್ರ ಕೊಟ್ಟದ್ದು ಅವನನ್ನು ಸಮಕಾಲೀನನಾಗಿ ಮಾಡಲು ಸಾಕಾಯಿತು.

ಕನ್ನಡದ ಓದುಗರಿಗೆ ಈ ಬಾಗಿಲ ಜೋಡಿ ಅಪರಿಚಿತವಲ್ಲ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದ ಪೂರ್ವದ ಹೆಬ್ಬಾಗಿಲಲ್ಲಿ ಶಂಖನಿಧಿ, ಪದ್ಮನಿಧಿಗಳಿದ್ದಾರೆ. ಕುಬೇರನ ನಿಧಿಗಳಿಗೆ ಮೈಬಂದ ಡೊಳ್ಳುಹೊಟ್ಟೆಯ ಕುಳ್ಳರು. ಬಾದಾಮಿ ಸೀಮೆಯ ಎಂಟನೆಯ ಶತಮಾನದ ಶಿಲ್ಪಿಗೂ ಗೊತ್ತಿತ್ತು, ಬಾಗಿಲಲ್ಲಿ ಸಿರಿಯ ಒಡೆಯರನ್ನು ಕೂರಿಸಿದರೆ ಒಳಗೆ ಬರುವವನ ಮನಸ್ಸು ತುಂಬುತ್ತದೆಂದು. ಶ್ರವಣಬೆಳಗೊಳದ ಗೊಮ್ಮಟನ ಅಕ್ಕಪಕ್ಕ ಚಾಮರ ಹಿಡಿದು ನಿಂತ ಯಕ್ಷ ಯಕ್ಷಿಯರನ್ನು ನೆನೆಸಿಕೊಳ್ಳಿ. ಕೆಳಗೆ ಊರಿನಲ್ಲಿ 1181ರ ಅಕ್ಕನ ಬಸದಿಗೆ ಹೋದರೆ ಧರಣೇಂದ್ರ, ಪದ್ಮಾವತಿಯರು ಸುಕನಾಸಿಯಲ್ಲಿ ಎದುರುಬದುರು ಕೂತಿದ್ದಾರೆ. ತೀರ್ಥಂಕರ ಎಲ್ಲವನ್ನೂ ಬಿಟ್ಟವನು. ಬೇಕಾದ್ದನ್ನು ಕೇಳಲು, ಮಳೆ ಬೆಳೆ ಮಕ್ಕಳು ವ್ಯಾಪಾರ ಎಂದು ಹರಕೆ ಹೊರಲು ಜನರಿಗೆ ಯಕ್ಷ ಯಕ್ಷಿಯರು. ರಿಸರ್ವ್ ಬ್ಯಾಂಕಿನ ಬಾಗಿಲಿಗೆ ಲಕ್ಷ್ಮಿಯನ್ನೋ ಗಣಪತಿಯನ್ನೋ ತರಬಹುದಿತ್ತು. ಅದು ಒಂದು ಮತದ ಪೂಜೆಯ ಮಾತಾಗುತ್ತಿತ್ತು. ಬೌದ್ಧ, ಜೈನ, ವೈದಿಕ ಮೂರೂ ದಾರಿಗಳಲ್ಲಿ ಹಾದುಬಂದ, ಯಾವುದೊಂದಕ್ಕೂ ಪೂರ್ತಿ ಸೇರದ, ನೆಲದ ಹಳೆಯ ದೇವತೆಗಳನ್ನು ಆರಿಸಿದ್ದರಲ್ಲಿ ಬಹಳ ದೂರದ ಯೋಚನೆಯಿದೆ.

ಇನ್ನು ಶಿಲ್ಪಿಯ ಬಗ್ಗೆ. ರಾಮಕಿಂಕರ್ ಹುಟ್ಟಿದ್ದು 1906ರಲ್ಲಿ, ಬಂಗಾಳದ ಬಾಂಕುರಾದಲ್ಲಿ, ಬಡ ಕುಟುಂಬದಲ್ಲಿ. ಪತ್ರಕರ್ತ ರಾಮಾನಂದ ಚಟರ್ಜಿ ಈ ಹುಡುಗನ ಕೈ ನೋಡಿ 1925ರಲ್ಲಿ ಶಾಂತಿನಿಕೇತನಕ್ಕೆ ಕರೆತಂದರು. ಅಲ್ಲಿ ನಂದಲಾಲ್ ಬೋಸರ ಶಿಷ್ಯ. ಆಮೇಲೆ ಬದುಕೆಲ್ಲ ಅಲ್ಲೇ. ಅವರ ಹೆಸರನ್ನು ನಿಲ್ಲಿಸಿದ್ದು 1938ರ ‘ಸಂಥಾಲ ಕುಟುಂಬ’. ಕಾವಡಿಯಲ್ಲಿ ಸಂಸಾರ ಹೊತ್ತು ಊರು ಬಿಟ್ಟು ನಡೆದಿರುವ ಗಂಡ, ಹೆಂಡತಿ, ಮಕ್ಕಳು, ಜತೆಗೊಂದು ನಾಯಿ. ಅದನ್ನು ಮಾಡಿದ್ದು ಅಮೃತಶಿಲೆಯಲ್ಲೂ ಅಲ್ಲ, ಕಂಚಿನಲ್ಲೂ ಅಲ್ಲ. ಕಬ್ಬಿಣದ ಸರಳಿನ ಹಂದರ ಕಟ್ಟಿ, ಸಿಮೆಂಟಿಗೆ ಬೀರಭೂಮದ ಕೆಂಪು ಜಂಬಿಟ್ಟಿಗೆ ಹರಳು ಕಲಸಿ, ಹಸಿಯಿರುವಾಗಲೇ ಹಂದರದ ಮೇಲೆ ಎರಚಿ ಎರಚಿ ಮೈ ತುಂಬಿಸಿದ್ದು. ಒಣಗುವುದರೊಳಗೆ ಕೈ ಓಡಬೇಕು. ಬಿಸಿಲು, ಮಳೆಗೆ ಬಯಲಲ್ಲೇ ನಿಲ್ಲಬೇಕು. ಕಂಚು ಕೊಳ್ಳಲು ಹಣವಿಲ್ಲದ್ದು ಒಂದು ಕಾರಣವಾಗಿದ್ದರೂ ಆ ಒರಟು ಮೈ ಅವರ ಭಾಷೆಯೇ ಆಯಿತು. ಆಧುನಿಕ ಭಾರತೀಯ ಶಿಲ್ಪದ ಮಾತು ಬಂದಾಗ ಎಲ್ಲರೂ ಅಲ್ಲಿಂದಲೇ ಶುರುಮಾಡುತ್ತಾರೆ.

ಹೀಗೆ ಎರಚಿ ಕೂಡಿಸುವ ಕೈಗೆ ಬ್ಯಾಂಕು ಒಪ್ಪಿಸಿದ್ದು ಕಡಿದು ಕಳೆಯುವ ಕೆಲಸ. ಸಿಮೆಂಟಿನಲ್ಲಿ ತಪ್ಪಿದರೆ ಇನ್ನೊಂದು ಹಿಡಿ ಮೆತ್ತಬಹುದು. ಕಲ್ಲಿನಲ್ಲಿ ಉಳಿ ಒಮ್ಮೆ ಜಾರಿದರೆ ಜಾರಿತು. ಅದಕ್ಕೇ ಇರಬೇಕು, ರಾಮಕಿಂಕರ್ ಪುಟ್ಟ ಪುಟ್ಟ ಮಾದರಿಗಳನ್ನು ಮಾಡಿದರು, ಮಾಡುತ್ತಲೇ ಇದ್ದರು. ಒಂದರಲ್ಲಿ ಯಕ್ಷನ ಹೊಟ್ಟೆ ಹೆಚ್ಚು ಮುಂದೆ, ಇನ್ನೊಂದರಲ್ಲಿ ಕಾಲು ಮೋಟು. ಯಕ್ಷಿಯ ಸೊಂಟದ ಓರೆಯನ್ನೇ ಹಲವು ಬಗೆಯಲ್ಲಿ ತಿರುಗಿಸಿ ನೋಡಿದ್ದಾರೆ. ಅಂಗೈ ಮೇಲೆ ಕೂರುವಷ್ಟು ಚಿಕ್ಕ ಮಾದರಿಯಲ್ಲಿ ಒಪ್ಪುವ ಅಳತೆ ಇಪ್ಪತ್ತು ಅಡಿಯಲ್ಲಿ ಒಪ್ಪುವುದಿಲ್ಲ. ನೋಡುವವನು ಕಾಲ ಬುಡದಲ್ಲಿ ನಿಂತು ಕತ್ತೆತ್ತಿದಾಗ ತಲೆ ಕಿರಿದಾಗಿ, ಮೊಣಕಾಲು ದೊಡ್ಡದಾಗಿ ಕಾಣುತ್ತದೆ. ಗೊಮ್ಮಟನನ್ನು ಕಡೆದವರು ಎದುರಿಸಿದ ಇಕ್ಕಟ್ಟೂ ಇದೇ.

ಕಲ್ಲು ಹುಡುಕುವುದೇ ಒಂದು ಸಾಹಸವಾಯಿತು. ಶಿಲ್ಪಿಗೆ ಬೇಕಾದ ಬಣ್ಣ, ಗಾತ್ರ, ಗಟ್ಟಿತನ ಮೂರೂ ಒಂದೇ ಗಣಿಯಲ್ಲಿ ಸಿಗಬೇಕು. ಕಡೆಗೆ ಅದು ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ, ಬೈಜನಾಥದ ಬಳಿ, ಶಿವಾಲಿಕ್ ಮರಳುಗಲ್ಲಿನ ರೂಪದಲ್ಲಿ ಸಿಕ್ಕಿತು. ಹೊಯ್ಸಳರ ಬಳಪದ ಕಲ್ಲಿನಂತೆ ಬೆರಳ ಉಗುರಿನವರೆಗೆ ಸೂಕ್ಷ್ಮ ಕೆತ್ತನೆಗೆ ಒದಗುವ ಕಲ್ಲಲ್ಲ ಇದು. ಬಾದಾಮಿಯ ಕಲ್ಲಿನ ಹಾಗೆ ಕಾಳು ಕಾಳು. ದೊಡ್ಡ ಮೈಗಳನ್ನು, ದುಂಡು ತಿರುವುಗಳನ್ನು ಚೆನ್ನಾಗಿ ತಾಳುತ್ತದೆ. ಜಂಬಿಟ್ಟಿಗೆ ಹರಳಿನ ಒರಟಿನಲ್ಲಿ ಪಳಗಿದ ಕೈಗೆ ಈ ಕಲ್ಲು ಒಗ್ಗಿದ್ದು ಆಶ್ಚರ್ಯವಲ್ಲ.

ಸಿಕ್ಕ ಕಲ್ಲನ್ನು ಇಳಿಸಿ ತರುವುದು ಹೇಗೆ? ಪಠಾಣ್‌ಕೋಟ್‌ನಿಂದ ಜೋಗಿಂದರ್ ನಗರಕ್ಕೆ ಹೋಗುವ ಕಾಂಗ್ರಾ ರೈಲು ಎರಡೂವರೆ ಅಡಿ ಅಗಲದ ಕಿರುಹಳಿಯದು. ಒಂದೇ ಕಲ್ಲಿನ ಮೂರ್ತಿಗೆ ಬೇಕಾದಷ್ಟು ದೊಡ್ಡ ಬಂಡೆ ಆ ಗಾಡಿಯಲ್ಲಿ ಬರುವಂತಿರಲಿಲ್ಲ. ಕಲ್ಲನ್ನು ತುಂಡು ಮಾಡಿಯೇ ತರಬೇಕಾಯಿತು. ಹೀಗಾಗಿ ಯಕ್ಷ ಯಕ್ಷಿ ಇಬ್ಬರೂ ಅಡ್ಡಡ್ಡ ತುಂಡುಗಳನ್ನು ಒಂದರ ಮೇಲೊಂದು ಕೂರಿಸಿ ಎಬ್ಬಿಸಿದ ಆಕೃತಿಗಳು. ಗಮನವಿಟ್ಟು ನೋಡಿದರೆ ತೊಡೆಯಲ್ಲಿ, ಹೊಟ್ಟೆಯಲ್ಲಿ, ಎದೆಯಲ್ಲಿ ಬೆಸುಗೆಯ ಗೆರೆ ಕಾಣುತ್ತದೆ. ಇದನ್ನು ಕೊರತೆಯೆನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಹಿಂದಿನ ಗೋಡೆಯೂ ಕಲ್ಲಿನ ವರಸೆಗಳಿಂದಲೇ ಎದ್ದದ್ದು. ಅದೇ ಕ್ರಮದಲ್ಲಿ ಎದ್ದ ಮೂರ್ತಿಗಳು ಕಟ್ಟಡಕ್ಕೆ ತಂದು ಒರಗಿಸಿದಂತೆ ಕಾಣದೆ, ಕಟ್ಟಡದೊಂದಿಗೇ ಬೆಳೆದು ಬಂದಂತೆ ಕಾಣುತ್ತವೆ.

ಈ ಎಲ್ಲದಕ್ಕೆ ಹಿಡಿದ ಕಾಲ ಹೆಚ್ಚು ಕಡಿಮೆ ಹತ್ತು ವರ್ಷ. ಗವರ್ನರುಗಳು ಬದಲಾದರು. ಸಲಹೆ ಕೊಟ್ಟ ನೆಹರೂ 1964ರಲ್ಲಿ ತೀರಿಕೊಂಡರು. ಕೆಲಸ ಮುಗಿದದ್ದು 1960ರ ದಶಕದ ಉತ್ತರಾರ್ಧದಲ್ಲಿ. ಗಡುವು ಮೀರಿದ ಗುತ್ತಿಗೆಯನ್ನು ರದ್ದು ಮಾಡಿ ಬೇರೆಯವರಿಗೆ ಕೊಡುವುದು ಯಾವ ಕಚೇರಿಗೂ ಸುಲಭದ ದಾರಿ. ಬ್ಯಾಂಕು ಕಾಯಿತು. ದೊಡ್ಡ ಶಿಲ್ಪಕ್ಕೆ ಹಣದಷ್ಟೇ ಬೇಕಾದದ್ದು ಈ ತಾಳ್ಮೆ, ಅದನ್ನು ತೋರಿದ ಹೆಸರಿಲ್ಲದ ಅಧಿಕಾರಿಗಳಿಗೂ ಈ ಮೂರ್ತಿಗಳ ಶ್ರೇಯಸ್ಸಿನಲ್ಲಿ ಪಾಲಿದೆ.

ಈಗ ಮೂರ್ತಿಗಳ ಮುಂದೆ ನಿಲ್ಲೋಣ. ಯಕ್ಷ ಪರಖಂನ ನಕಲಲ್ಲ. ಅವನ ತೂಕವನ್ನು ಮಾತ್ರ ರಾಮಕಿಂಕರ್ ತೆಗೆದುಕೊಂಡಿದ್ದಾರೆ. ಎರಡೂ ಪಾದ ಊರಿದ ರೀತಿ, ಮುಂದೆ ಬಂದ ಹೊಟ್ಟೆ, ತಗ್ಗದ ಕತ್ತು. ಆಭರಣವನ್ನು ಎಷ್ಟು ಕಡಿಮೆ ಮಾಡಲು ಸಾಧ್ಯವೋ ಅಷ್ಟು ಕಡಿಮೆ ಮಾಡಿದ್ದಾರೆ. ಹಳೆಯ ಶಿಲ್ಪಿ ಮಡಿಕೆ ಮಡಿಕೆಯಾಗಿ ಕೆತ್ತುತ್ತಿದ್ದ ಕಡೆ ಇಲ್ಲಿ ಅಗಲವಾದ ಸಮತಟ್ಟುಗಳಿವೆ, ಬೆಳಕು ಒಂದೊಂದರ ಮೇಲೂ ಬೇರೆ ಬೇರೆಯಾಗಿ ಬೀಳುತ್ತದೆ. ಯಕ್ಷಿಯ ಬಳಿ ಬಂದಾಗ ಶಿಲ್ಪಿಯ ಮನಸ್ಸು ಇನ್ನಷ್ಟು ಅರಳಿದೆ. ಸಂಥಾಲ ಹೆಂಗಸರು ಹೊಲದಿಂದ ಬರುವುದನ್ನು, ಗಿರಣಿಯ ಸೈರನ್ ಕೇಳಿ ಓಡುವುದನ್ನು ನೋಡಿ ನೋಡಿ ರೂಪಿಸಿದ ಕೈ ಅದು. ತುಂಬಿದ ಎದೆ, ಅಗಲವಾದ ಸೊಂಟ, ನೆಲಕ್ಕೆ ಬೇರುಬಿಟ್ಟಂಥ ಕಾಲು. ಬೇಸನಗರದ ಯಕ್ಷಿಗಿಂತ ಇವಳು ದುಡಿಯುವ ಹೆಣ್ಣಿಗೆ ಹತ್ತಿರ. ಬೇಸಾಯದ ಸಮೃದ್ಧಿ ಎಂಬ ಸರ್ಕಾರಿ ಕಡತದ ಮಾತಿಗೆ ಮೈ ಬಂದದ್ದು ಹೀಗೆ. ಇಬ್ಬರಲ್ಲಿ ನನಗೆ ಇವಳೇ ಮೇಲು.

ಇವಳೇ ಸಿಟ್ಟಿಗೂ ಕಾರಣವಾದಳು. ಬ್ಯಾಂಕಿನ ಮುಂದೆ ಬೆತ್ತಲೆ ಹೆಂಗಸಿನ ಪ್ರತಿಮೆಯನ್ನು ನಿಲ್ಲಿಸಿದ ಉದ್ದೇಶವೇನು ಎಂಬ ಪ್ರಶ್ನೆ ರಾಜ್ಯಸಭೆಯಲ್ಲೇ ಬಂತು. ಕೇಳಿದವರು ಪ್ರೊ. ಸತ್ಯವ್ರತ ಸಿದ್ಧಾಂತಾಲಂಕಾರ್, ವಿದ್ವಾಂಸರು, ಗುರುಕುಲ ಪರಂಪರೆಯವರು. ಅವರ ಮುಜುಗರ ಪ್ರಾಮಾಣಿಕವಾದದ್ದೇ ಇರಬೇಕು. ಆದರೆ ಎರಡು ಸಾವಿರ ವರ್ಷಗಳಿಂದ ಈ ನೆಲದ ಸ್ತೂಪದ ಬೇಲಿಗಳಲ್ಲಿ, ಗುಡಿಯ ತೊಲೆಗಳಲ್ಲಿ, ಮರದ ಕೊಂಬೆ ಹಿಡಿದು ನಿಂತ ಯಕ್ಷಿಯರಿಗೆ ನಾವು ಸೀರೆ ಉಡಿಸಿರಲಿಲ್ಲ. ಅವರ ಮೈ ಫಲವಂತಿಕೆಯ ಮೈ, ಮಳೆ ಬಂದ ಹೊಲದ ಮೈ. ಅದನ್ನು ಬೇರೆ ಕಣ್ಣಿನಿಂದ ನೋಡಲು ಕಲಿತದ್ದು ಈಚೆಗೆ. ಪ್ರತಿಮೆಯನ್ನು ತೆಗೆಯಲಿಲ್ಲ, ಮುಚ್ಚಲಿಲ್ಲ. ಅದೂ ಬ್ಯಾಂಕಿನ ಹಿರಿಮೆ.

ರಾಮಕಿಂಕರ್ ಅವರಿಗೆ 1970ರಲ್ಲಿ ಪದ್ಮಭೂಷಣ ಬಂತು. ಇಷ್ಟು ದೊಡ್ಡ ಕೆಲಸ ಮಾಡಿದವರು ಶಾಂತಿನಿಕೇತನದ ಹುಲ್ಲು ಮಾಡಿನ ಮನೆಯಲ್ಲೇ ಉಳಿದರು. ಮಾಡು ಸೋರಿದಾಗ ತಮ್ಮದೇ ತೈಲಚಿತ್ರದ ಕ್ಯಾನ್‌ವಾಸುಗಳನ್ನು ಅಡ್ಡ ಹಿಡಿಸುತ್ತಿದ್ದರು. ಋತ್ವಿಕ್ ಘಟಕ್ 1975ರಲ್ಲಿ ಅವರ ಮೇಲೆ ತೆಗೆದ, ಪೂರ್ತಿಯಾಗದ ಸಾಕ್ಷ್ಯಚಿತ್ರದಲ್ಲಿ ಈ ಮನುಷ್ಯನ ನಗು, ನಿರಾಳ ಮಾತು ಉಳಿದಿವೆ. 1980ರಲ್ಲಿ ತೀರಿಕೊಂಡರು.

ಇಂದು ನಮ್ಮೂರುಗಳಲ್ಲಿ ಏಳುವ ಬ್ಯಾಂಕ್ ಕಟ್ಟಡಗಳಿಗೆ ಗಾಜಿನ ಮುಖ, ಹೊಳೆಯುವ ಫಲಕ. ಸರ್ಕಾರಿ ಬ್ಯಾಂಕೇ ಆಗಲಿ ಖಾಸಗಿಯೇ ಆಗಲಿ, ಕಟ್ಟಡದ ವೆಚ್ಚದಲ್ಲಿ ಶಿಲ್ಪಿಗೊಂದು ಪಾಲು ಇಡಬೇಕೆಂಬ ಯೋಚನೆ ಯಾರಿಗೂ ಬರುವುದಿಲ್ಲ. ಶಿವಾರಪಟ್ಟಣದಲ್ಲಿ, ಕಾರ್ಕಳದಲ್ಲಿ ಕಲ್ಲಿನ ಕೆಲಸ ಬಲ್ಲವರು ಇನ್ನೂ ಇದ್ದಾರೆ. ಕಲಾಶಾಲೆಗಳಿಂದ ಪ್ರತಿವರ್ಷ ಯುವ ಶಿಲ್ಪಿಗಳು ಹೊರಬರುತ್ತಿದ್ದಾರೆ. ಅವರಿಗೆ ಸಿಗುವ ಸಾರ್ವಜನಿಕ ಕೆಲಸವೆಂದರೆ ವೃತ್ತಗಳಲ್ಲಿ ನಿಲ್ಲಿಸುವ ನಾಯಕರ ಪ್ರತಿಮೆ. ನೆಹರೂ ಕೊಟ್ಟ ಸಲಹೆ ಇನ್ನೂ ಊರ್ಜಿತದಲ್ಲೇ ಇದೆ ಎಂದು ತಿಳಿದು ಯಾವುದಾದರೂ ಒಂದು ಬ್ಯಾಂಕು ಅದನ್ನು ಮತ್ತೆ ಕೈಗೆತ್ತಿಕೊಂಡರೆ ಎಷ್ಟು ಚೆನ್ನ!

ದಿಲ್ಲಿಗೆ ಹೋಗುವವರು ರಿಸರ್ವ್ ಬ್ಯಾಂಕಿನ ಆವರಣದೊಳಗೆ ಸುಮ್ಮನೆ ನುಗ್ಗುವಂತಿಲ್ಲ, ಬೇಲಿಯ ಆಚೆಯಿಂದ ನೋಡಬೇಕು. ಮೂರ್ತಿಗಳ ಗಾತ್ರಕ್ಕೆ ಆ ದೂರವೇ ಅನುಕೂಲ. ಇಂಡಿಯಾ ಗೇಟ್ ಬಳಿ ಜೈಪುರ ಹೌಸ್‌ನಲ್ಲಿರುವ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯ ಸಂಗ್ರಹದಲ್ಲಿ ರಾಮಕಿಂಕರ್ ಕೃತಿಗಳಿವೆ. ಒಂದು ದಿನ ಬಿಡುವಿದ್ದರೆ ಮಥುರಾಕ್ಕೆ ರೈಲು ಹತ್ತಿ ಗೋಮಿತಕನ ಯಕ್ಷನನ್ನೂ ನೋಡಿ ಬನ್ನಿ. ಸೋಮವಾರ ಮಾತ್ರ ಹೋಗಬೇಡಿ, ಮ್ಯೂಸಿಯಂಗೆ ರಜೆ.